ಗುಮಾನಿ ಎತ್ತಿದ ಮೆಟ್ಟಿಲು

ಜೌಗಿನ ಪಕ್ಕದ ಬೀದಿಯಲ್ಲಿದ್ದ ಹಾಸಿಗೆ ಹೊಲಿಯುವವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಅದು ಮತದಾರರ ಪಟ್ಟಿಗೆ ಮತ್ತು ಆಸ್ಪತ್ರೆಯ ಚೀಟಿಗೆ ಬಿಟ್ಟರೆ ಬೇರೆಲ್ಲೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಬೀದಿಯ ಬಾಯಲ್ಲಿ ಅವನು ಗುಮಾನಿ. ಚಿಕ್ಕವರಿಗೆ ಗುಮಾನಿ ಮಾವ, ದೊಡ್ಡವರಿಗೆ ಬರೀ ಗುಮಾನಿ. ಯಾರಾದರೂ "ಚೆನ್ನಾಗಿದ್ದೀರಾ?" ಎಂದು ಕೇಳಿದರೆ "ಯಾಕೆ?" ಎನ್ನುವ ಮನುಷ್ಯ. ಸುರಿಯುತ್ತಿದ್ದ ಮಳೆ ತಟ್ಟನೆ ನಿಂತಾಗ ಆಕಾಶದ ಕಡೆ ನೋಡಿ "ಇದರಲ್ಲೇನೋ ಮಸಲತ್ತಿದೆ" ಎಂದು ಗೊಣಗಿದ್ದನ್ನು ಎದುರು ಮನೆಯವರು ಕಿವಿಯಾರೆ ಕೇಳಿದ್ದಾರೆ. ಅವನ ಹೆಂಡತಿ ಮದುವೆಯಾದ ಹೊಸತರಲ್ಲಿ ಇದಕ್ಕೆಲ್ಲ ಅಳುತ್ತಿದ್ದಳು, ಆಮೇಲೆ ಜಗಳವಾಡಿದಳು, ಮೂವತ್ತೈದು ವರ್ಷವಾದ ಮೇಲೆ ಈಗ ನಗುತ್ತಾಳೆ.

ಅವನನ್ನು ಪೂರ್ತಿ ಬೈಯುವ ಹಾಗೂ ಇಲ್ಲ. ಅವನ ಕಸುಬೇ ಅಂಥದ್ದು. ಹಳೇ ಹಾಸಿಗೆ ಬಿಚ್ಚಬೇಕು, ಗಂಟುಗಟ್ಟಿದ ಹತ್ತಿ ಹಿಂಜಬೇಕು, ಬಿಸಿಲಿಗೆ ಹರಡಿ ಮತ್ತೆ ತುಂಬಿ ದಬ್ಬಳದಲ್ಲಿ ಹೊಲಿಯಬೇಕು. ನಲವತ್ತು ವರ್ಷದಲ್ಲಿ ಊರಿನ ಅರ್ಧ ಮನೆಗಳ ಹಾಸಿಗೆಯ ಹೊಟ್ಟೆ ಬಗೆದು ನೋಡಿದ್ದಾನೆ. ದಿನಾ ತಪ್ಪದೆ ಮಾತ್ರೆ ನುಂಗುತ್ತೇನೆಂದು ಮಗಳಿಗೆ ಆಣೆ ಮಾಡಿ ಹೇಳುತ್ತಿದ್ದ ಮುದುಕಿಯ ದಿಂಬಿನಲ್ಲಿ ಒಂದೂವರೆ ವರ್ಷದ ಮಾತ್ರೆಗಳು ಸಿಕ್ಕಿದ್ದವು. ಮನೆಮಂದಿಯೆಲ್ಲ ಹುಡುಕಿ ಸುಸ್ತಾಗಿದ್ದ ಬೀರುವಿನ ಕೀಲಿ ಹಿರಿಸೊಸೆಯ ಹಾಸಿಗೆಯ ಮೂಲೆಯಲ್ಲಿ ಹೊಲಿಗೆಯೊಳಗೆ ತಣ್ಣಗೆ ಮಲಗಿತ್ತು. ಇಂಥವನ್ನೆಲ್ಲ ಅವನು ಯಾರಿಗೂ ಹೇಳದೆ ಇದ್ದಲ್ಲೇ ಇಟ್ಟು ಹೊಲಿದು ಕಳಿಸುತ್ತಿದ್ದ. ಬಾಯಿ ಗಟ್ಟಿ. ಆದರೆ ಎದುರಿಗೆ ನಿಂತು ನಗುನಗುತ್ತಾ ಮಾತಾಡುವವರ ಒಳಗೆ ಏನು ಹೊಲಿದಿಟ್ಟಿದೆಯೋ ಎಂಬ ಯೋಚನೆ ಅವನನ್ನು ಬಿಟ್ಟು ಹೋಗಲಿಲ್ಲ.

ಬೀದಿ ದೊಡ್ಡ ರಸ್ತೆಯಿಂದ ಶುರುವಾಗಿ ಇಳಿಯುತ್ತಾ ಇಳಿಯುತ್ತಾ ಜೌಗಿನಲ್ಲಿ ಮುಗಿಯುತ್ತದೆ. ಇಳಿಜಾರು ಅಂದರೆ ಕಣ್ಣಿಗೆ ಕಾಣುವಂಥದ್ದಲ್ಲ, ಉರುಳಿಬಿಟ್ಟ ಗೋಲಿ ಹೋಗಲೋ ಬೇಡವೋ ಎಂದು ಯೋಚಿಸುವಷ್ಟು. ಗುಮಾನಿಯ ಮನೆ ಬೀದಿಯ ನಡುವೆ. ಮುಂದಿನ ಕೋಣೆಯೇ ಅಂಗಡಿ. ಹತ್ತಿ ಹಿಂಜುವ ಯಂತ್ರ ಒಂದು ಮೂಲೆಯಲ್ಲಿ, ಪಟ್ಟೆಪಟ್ಟೆಯ ದಪ್ಪ ಬಟ್ಟೆಯ ಸುರುಳಿಗಳು ಇನ್ನೊಂದರಲ್ಲಿ, ಹತ್ತಿಯ ಮೂಟೆಗಳೆಲ್ಲ ಅಟ್ಟದ ಮೇಲೆ. ಕೆಳಗಿಟ್ಟರೆ ಮಳೆಗಾಲದಲ್ಲಿ ಕತೆ ಮುಗಿದಂತೆ. ಚರಂಡಿ ಉಕ್ಕಿದಾಗ ಅವನ ಮನೆಯೊಳಗೆ ಪಾದ ಮುಳುಗುವಷ್ಟು ನೀರು ಬರುತ್ತಿತ್ತು, ಬೀದಿಯ ಕೊನೆಯ ಮನೆಯಲ್ಲಿ ಮೊಣಕಾಲು ಮುಳುಗುತ್ತಿತ್ತು.

ಆ ಕೊನೆಯ ಮನೆ ಅವನ ತಂಗಿಯದು. ಹದಿನೆಂಟು ವರ್ಷದ ಹಿಂದೆ ಗಂಡ ತೀರಿಕೊಂಡಾಗ ಕಣ್ಣಳತೆಯಲ್ಲಿ ಇರಲಿ ಎಂದು ಗುಮಾನಿಯೇ ಓಡಾಡಿ ಆ ಮನೆ ಹುಡುಕಿಕೊಟ್ಟಿದ್ದ. ಅವಳು ಜೌಗಿನಲ್ಲಿ ಬೆಳೆಯುವ ಜೊಂಡು ಕೊಯ್ದು, ಹಿತ್ತಿಲಿನ ಗುಂಡಿಯಲ್ಲಿ ನೆನೆಹಾಕಿ, ಒಣಗಿಸಿ, ಸೀಳಿ ಚಾಪೆ ನೇಯುತ್ತಾಳೆ. ಅದರಲ್ಲೇ ಮಗಳನ್ನು ಓದಿಸಿ ಮದುವೆ ಮಾಡಿ ಕಳಿಸಿದಳು. ಅಣ್ಣ ಹಾಸಿಗೆ, ತಂಗಿ ಚಾಪೆ, ಊರನ್ನು ಮಲಗಿಸುವ ಗುತ್ತಿಗೆ ಒಂದೇ ಮನೆತನಕ್ಕೆ ಸಿಕ್ಕಿದೆ ಎಂದು ಬೀದಿಯವರು ಚುಡಾಯಿಸುತ್ತಿದ್ದರು. ಮಳೆನೀರು ಒಳಗೆ ಬಂದರೆ ಅವಳು ಮಗ್ಗದ ಚೌಕಟ್ಟನ್ನು ಮಂಚದ ಮೇಲೆ ಎತ್ತಿಟ್ಟು, ತಾನೂ ಅದರ ಪಕ್ಕದಲ್ಲೇ ಕೂತು ನೇಯುತ್ತಿದ್ದಳು. ಅಣ್ಣನ ಹಾಗೆ ಯಾರ ಮೇಲೂ ಹರಿಹಾಯ್ದವಳಲ್ಲ. ಅನುಮಾನ ಪಡುವ ಕೆಲಸವನ್ನು ಮನೆಯ ಪರವಾಗಿ ಅಣ್ಣನೇ ನೋಡಿಕೊಳ್ಳುತ್ತಾನೆಂದು ಬಿಟ್ಟುಬಿಟ್ಟಿದ್ದಳು.

ಪುರಸಭೆಯ ವಿಷಯದಲ್ಲಂತೂ ಅವನ ಅನುಮಾನಕ್ಕೆ ಸಾಕಷ್ಟು ಆಧಾರವಿತ್ತು. ಮೊದಲ ಸಲ ಬಂದವರು ಚರಂಡಿಯ ಹೂಳೆತ್ತಿ ಅದರ ದಂಡೆಯ ಮೇಲೇ ಗುಡ್ಡೆ ಹಾಕಿ ಹೋದರು. ಮಾರನೇ ವಾರದ ಮಳೆ ಅದನ್ನು ಜೋಪಾನವಾಗಿ ವಾಪಸ್ ಚರಂಡಿಗೆ ಸೇರಿಸಿತು. ಎರಡನೇ ಸಲ ಬಂದವರು ಒಂದು ಕಾಂಕ್ರೀಟ್ ಚರಂಡಿ ಕಟ್ಟಿದರು. ಅದು ಗುಮಾನಿಯ ಗೋಡೆಯ ತನಕ ಬಂದು ಅಲ್ಲಿಗೆ ನಿಂತಿತು. ಮುಂದೆ ಯಾಕಿಲ್ಲ ಎಂದು ಕೇಳಿದರೆ ನಕ್ಷೆಯ ಹಾಳೆ ಅಲ್ಲಿಗೇ ಮುಗಿದಿದೆ ಅಂದರಂತೆ. ಹಾಗಾಗಿ ಮೂರನೇ ಸಲ ಪುರಸಭೆಯ ಜೀಪು ಬೀದಿಗೆ ಇಳಿದಾಗ ಗುಮಾನಿ ದಬ್ಬಳವನ್ನು ಹಾಸಿಗೆಗೆ ಚುಚ್ಚಿಟ್ಟು ಬಾಗಿಲಿಗೆ ಬಂದು ನಿಂತ.

ಈ ಸಲ ಬಂದವಳು ಇಂಜಿನಿಯರ್ ಹುಡುಗಿ. ತಲೆಗೊಂದು ಟೋಪಿ, ಕಾಲಿಗೆ ಗಮ್‌ಬೂಟು, ಮೂರು ಕಾಲಿನ ಮೇಲೆ ದುರ್ಬೀನಿನಂಥದ್ದೊಂದು. ಜೊತೆಗೆ ಅಂಕೆ ಬರೆದ ಉದ್ದನೆಯ ಅಳತೆಕೋಲು ಹಿಡಿದ, ಗಿರಿಜಾ ಮೀಸೆಯ ಒಬ್ಬ. ಹುಡುಗಿ ಎಲ್ಲರಿಗೂ ನಮಸ್ಕಾರ ಹೇಳಿದಳು. "ನಿಮಗೆ ತೊಂದರೆ ಆಗ್ತಿದೆಯಲ್ಲ, ಈ ಸಲ ಪೈಪು ಹಾಕಿ ನೀರನ್ನ ಸೀದಾ ಜೌಗಿಗೆ ಬಿಡೋ ಹಾಗೆ ಮಾಡ್ತೀವಿ" ಅಂದಳು. ಬಿರುಸಾಗಿ ಮಾತಾಡಿದ್ದರೆ ಗುಮಾನಿ ಹೇಗೋ ಸಹಿಸಿಕೊಳ್ಳುತ್ತಿದ್ದ. ಸರ್ಕಾರದವರು ಮೆತ್ತಗೆ ಮಾತಾಡಿದರೆ ಅವನ ಕಿವಿ ನೆಟ್ಟಗಾಗುತ್ತದೆ. ಅವತ್ತೇ ಅವಳಿಗೆ ಮೆತ್ತನೆ ಮೇಡಂ ಎಂದು ಹೆಸರಿಟ್ಟ.

ಅಳತೆಕೋಲಿನವನು ಬೀದಿಯಲ್ಲೆಲ್ಲ ಸುತ್ತಾಡಿ ಕೊನೆಗೆ ಗುಮಾನಿಯ ಮನೆ ಮುಂದಿನ ಮೆಟ್ಟಿಲು ಕಲ್ಲನ್ನು ಕಾಲಿಂದ ಒತ್ತಿ ನೋಡಿ ಮೆಚ್ಚಿದ. ಎರಡು ಮೊಳ ಉದ್ದದ ಒಂಟಿ ಕಲ್ಲು, ಅಪ್ಪನ ಕಾಲದ್ದು. ಅದರ ಮೂಲೆಯಲ್ಲಿ ಕೆಂಪು ಬಣ್ಣದಿಂದ ಒಂದು ಬಾಣ ಬರೆದ, ಬಾಣದ ಕೆಳಗೆ ನೂರು ಎಂದು ಬರೆದ.

"ಇದೇನು?" ಎಂದ ಗುಮಾನಿ.

"ಗುರುತು. ಅಳಿಸಬೇಡಿ, ಅಲ್ಲಾಡಿಸಬೇಡಿ."

"ನನ್ನ ಮನೆಗೇ ಯಾಕೆ?"

"ಕಲ್ಲು ಗಟ್ಟಿ ಇದೆ, ಅದಕ್ಕೆ."

ಅಷ್ಟು ಹೇಳಿ ಅವನು ಮುಂದೆ ಹೋದ. ಅವತ್ತು ಜೌಗಿನ ನೀರೇರಿದ ಗುರುತನ್ನೂ ಮೇಲಿನ ಅರ್ಧ ಬೀದಿಯನ್ನೂ ಅಳೆದರು. ಪಕ್ಕದ ಕ್ಷೌರದಂಗಡಿಯ ಮೆಟ್ಟಿಲ ಮೇಲೆ ಕೋಲು ನಿಲ್ಲಿಸಿ ಹುಡುಗಿ ದುರ್ಬೀನಿನಲ್ಲಿ ನೋಡಿ ಏನೋ ಬರೆದುಕೊಂಡಳು. ಉಳಿದ ಅರ್ಧಕ್ಕೆ ಹದಿನೈದು ದಿನ ಬಿಟ್ಟು ಬರುತ್ತೇವೆಂದು ಹೊರಟರು. ಬೇರೆ ಯಾರ ಮೆಟ್ಟಿಲಿಗೂ ಬಣ್ಣ ಬಿದ್ದಿರಲಿಲ್ಲ. ಗುಮಾನಿ ಆ ನೂರನ್ನು ನಿಂತು ನೋಡಿದ, ಕೂತು ನೋಡಿದ. ನೂರಕ್ಕೆ ನೂರು ಕೊಡುವಂಥದ್ದೇನೂ ಅವನ ಮನೆ ಸಾಧಿಸಿಲ್ಲ, ಕೊಡುವ ಬುದ್ಧಿ ಸರ್ಕಾರಕ್ಕೂ ಇಲ್ಲ.

ಇದರ ಅರ್ಥ ತಿಳಿಸಿದವನು ಕ್ಷೌರದವನು. ಅವನ ಅಂಗಡಿಗೆ ವಾರಕ್ಕೆರಡು ಸಲ ವಾರ್ಡಿನ ಸದಸ್ಯ ಗಡ್ಡ ಮಾಡಿಸಲು ಬರುತ್ತಾನೆ. ಕತ್ತಿನ ಮೇಲೆ ಕತ್ತಿ ಇದ್ದಾಗ ಯಾರೂ ಸುಳ್ಳು ಹೇಳಲ್ಲ ಎನ್ನುವುದು ಕ್ಷೌರದವನ ನಂಬಿಕೆ.

"ಪೈಪು ಗೀಪು ಎಲ್ಲ ಮೇಲುಮೇಲಿನ ಮಾತು ಕಣಯ್ಯಾ. ಜೌಗು ತುಂಬಿದಾಗ ನೀರು ಎಲ್ಲಿ ತನಕ ಬರುತ್ತೋ ಅಲ್ಲಿಗೊಂದು ಗೆರೆ ಎಳೀತಾರಂತೆ. ಗೆರೆಗಿಂತ ಕೆಳಗಿರೋ ಮನೆಗಳು ಮನೆ ಅಲ್ಲ, ಜೌಗು ಅಂತ ಲೆಕ್ಕ. ಅಲ್ಲಿರೋರಿಗೆ ಊರಾಚೆ ನಾಲ್ಕಂತಸ್ತಿನ ಕಟ್ಟಡದಲ್ಲಿ ಒಂದೊಂದು ಕೋಣೆ ಕೊಟ್ಟು ಕೈ ತೊಳ್ಕೋತಾರೆ" ಎಂದ.

ಗುಮಾನಿ ತನ್ನ ಮೆಟ್ಟಿಲಿಗೆ ವಾಪಸ್ ಬಂದು ಅಂಕೆಯನ್ನು ಮತ್ತೆ ನೋಡಿದ. ನೂರು. ಗುಂಡಗಿನ, ಚೊಕ್ಕಟವಾದ ಅಂಕೆ. ಗೆರೆ ಎಳೆಯುವವರು ಇಂಥ ಅಂಕೆಯ ಮೇಲಲ್ಲದೆ ಇನ್ನೆಲ್ಲಿ ಎಳೆಯುತ್ತಾರೆ? ಗೆರೆ ಸರಿಯಾಗಿ ತನ್ನ ಹೊಸಿಲಿನ ಮೇಲೇ ಹಾದುಹೋಗಿದೆ. ಒಂದು ಕೂದಲು ಆಚೆಯಾದರೆ ಮನೆ, ಈಚೆಯಾದರೆ ಜೌಗು. ಎರಡನೇ ಸಲ ಅಳೆಯುವಾಗ ಆ ಹುಡುಗಿ ಕಣ್ಣು ಮಿಟುಕಿಸಿದರೆ ಮುಗಿಯಿತು. ಹತ್ತಿ ಮೂಟೆ, ಯಂತ್ರ ಎಲ್ಲ ಕಟ್ಟಿಕೊಂಡು ನಾಲ್ಕನೇ ಮಹಡಿ ಹತ್ತಬೇಕು. ಎರಡು ದಿನ ಊಟ ರುಚಿಸಲಿಲ್ಲ. ಯಾರದೋ ಮದುವೆಯ ಹಾಸಿಗೆಗೆ ಹೊಲಿಗೆ ಹಾಕುತ್ತಾ ತನ್ನ ಬೆರಳನ್ನೂ ಸೇರಿಸಿ ಚುಚ್ಚಿಕೊಂಡ.

ಮೂರನೇ ದಿನ ಮಧ್ಯಾಹ್ನ ಉಪಾಯ ಹೊಳೆಯಿತು. ಹೆಂಡತಿ ಚಾಪೆಗಳಿಗೆ ಅಂಚು ಕಟ್ಟಲು ತಂಗಿಯ ಮನೆಗೆ ಹೋಗಿದ್ದಳು, ಬೀದಿ ಉಂಡು ಮಲಗಿತ್ತು. ಗುಮಾನಿ ಹಾರೆ ತಂದು ಕಲ್ಲಿನ ಒಂದು ತುದಿ ಮೀಟಿದ, ಅಡಿಗೆ ಸೀಳಿದ ಇಟ್ಟಿಗೆ ತೂರಿಸಿದ, ಇನ್ನೊಂದು ತುದಿ ಮೀಟಿದ. ಉಸಿರು ಬಾಯಿಗೆ ಬಂತು. ಸರಿಯಾಗಿ ನಾಲ್ಕು ಬೆರಳು ಎತ್ತರಿಸಿ, ಸಂದಿಗೆ ಸಿಮೆಂಟು ತುಂಬಿ, ಅದರ ಮೇಲೆ ಚರಂಡಿಯ ಕಪ್ಪು ಕೆಸರು ಸವರಿ, ಗೋಡೆಯ ಪಾಚಿ ಕೆರೆದು ಅಂಟಿಸಿದ. ಹಳೇ ಹಾಸಿಗೆಯನ್ನು ಹೊಸದಾಗಿ ಕಾಣಿಸುವುದರಲ್ಲಿ ಪಳಗಿದ ಕೈಗೆ ಹೊಸ ಗಾರೆಯನ್ನು ಹಳೇದಾಗಿ ಕಾಣಿಸುವುದು ಕಷ್ಟವಾಗಲಿಲ್ಲ. ಮನೆ ಎತ್ತರವಾಗಲಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಆದರೆ ಸರ್ಕಾರ ನೋಡುವುದು ಮನೆಯನ್ನಲ್ಲ, ಅಂಕೆಯನ್ನು. ಅಂಕೆ ಬರೆದ ಕಲ್ಲು ಮೇಲಕ್ಕೆ ಹೋದರೆ ಸಾಕು.

ಸಂಜೆ ವಾಪಸ್ ಬಂದ ಹೆಂಡತಿ ಮೆಟ್ಟಿಲು ಎಡವಿ ಬಾಗಿಲಿಗೆ ಹಣೆ ಹೊಡೆಸಿಕೊಂಡಳು.

"ಇದೇನು, ಮೆಟ್ಟಿಲು ಎತ್ತರ ಆಯ್ತೋ, ನಾನು ಕುಳ್ಳಿ ಆದೆನೋ?"

"ವಯಸ್ಸಾಯ್ತು ನಿನಗೆ. ಕಾಲು ಎತ್ತಿ ಹಾಕು" ಎಂದ ಗುಮಾನಿ, ದಬ್ಬಳದಿಂದ ಕಣ್ಣೆತ್ತದೆ.

ಅವಳು ಹಣೆ ಉಜ್ಜಿಕೊಳ್ಳುತ್ತಾ ಕಲ್ಲನ್ನೂ ನೋಡಿದಳು, ಗಂಡನನ್ನೂ ನೋಡಿದಳು. ಆಮೇಲೆ ಒಳಗೆ ಹೋಗಿ ದೀಪ ಹಾಕಿದಳು. ಆ ವಾರ ಹಾಸಿಗೆ ಕೊಡಲು ಬಂದ ನಾಲ್ವರು ಗಿರಾಕಿಗಳೂ ಎಡವಿದರು.

ಹೇಳಿದ ದಿನಕ್ಕೆ ಪುರಸಭೆಯವರು ಬಂದರು. ಅದೇ ಒಂದು ಅನುಮಾನಕ್ಕೆ ಕಾರಣವಾಗಬೇಕಿತ್ತು. ಮೊದಲ ದಿನ ಕೆಲಸ ನಿಲ್ಲಿಸಿದ ಕಂಬದ ಮೇಲೆ ಅವರು ಒಂದು ಗುರುತು ಮಾಡಿದ್ದರು. ಈಗ ನೋಡಿದರೆ ಅದರ ಮೇಲೆ ವಾರ್ಡ್ ಸದಸ್ಯನ ಹುಟ್ಟುಹಬ್ಬದ ಪೋಸ್ಟರು ಹತ್ತಿ ಕೂತಿತ್ತು. ಅದನ್ನು ಕೀಳುವ ಧೈರ್ಯ ಅಳತೆಕೋಲಿನವನಿಗೆ ಬರಲಿಲ್ಲ. "ಹೋಗಲಿ ಬಿಡಿ ಮೇಡಂ, ಮೊದಲಿನ ಕಲ್ಲಿಂದಲೇ ಶುರು ಮಾಡೋಣ" ಎಂದು ಗುಮಾನಿಯ ಮೆಟ್ಟಿಲಿಗೆ ಬಂದು ಕೋಲು ನಿಲ್ಲಿಸಿದ. ಗುಮಾನಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಗಿಯ ಮುಖ ನೋಡುತ್ತಿದ್ದ. ಅವಳು ದುರ್ಬೀನಿನಲ್ಲಿ ಇಣುಕಿದಳು, ಬರೆದುಕೊಂಡಳು, ಕೆಳಗಿನ ಬೀದಿಯ ಕಡೆ ತಿರುಗಿದಳು. ಹುಬ್ಬು ಕೂಡ ಏರಲಿಲ್ಲ. ಸಂಜೆಯೊಳಗೆ ಕೊನೆಯ ಮನೆಯ ತನಕ ಅಳೆದು, ಕೆಳಗಿನ ಕಂಬಗಳಿಗೆಲ್ಲ ಒಂದೊಂದು ಅಂಕೆಯ ತಗಡು ಬಡಿದು ಹೊರಟರು. ಗುಮಾನಿ ಅವತ್ತು ಎರಡು ತುತ್ತು ಹೆಚ್ಚಿಗೆ ಉಂಡ.

ಖಾಲಿ ಮಾಡಬೇಕಾದ ಮನೆಗಳ ಪಟ್ಟಿ ಬಂದದ್ದು ಇಪ್ಪತ್ತು ದಿನದ ಮೇಲೆ. ಅಷ್ಟರಲ್ಲಿ ದಪ್ಪ ದಪ್ಪ ಸಿಮೆಂಟು ಪೈಪುಗಳು ಬಂದು ಬೀದಿಯುದ್ದಕ್ಕೂ ಉರುಳಿದ್ದವು. ಕ್ಷೌರದವನು ಹೇಳಿದ್ದು ನಿಜವೇ ಆಗಿತ್ತು, ಗೆರೆ ಇತ್ತು. ಆದರೆ ಗೆರೆಯ ಕೆಳಗೆ ಇಡೀ ಬೀದಿಯಲ್ಲಿ ಬಿದ್ದದ್ದು ಎರಡೇ. ಒಂದು ಯಾರೂ ಇಲ್ಲದ ಹಳೇ ದೋಣಿ ಕೊಟ್ಟಿಗೆ, ಇನ್ನೊಂದು ತಂಗಿಯ ಮನೆ. ಅವಳು ನೋಟೀಸು ಹಿಡಿದುಕೊಂಡು ಅಣ್ಣನ ಅಂಗಡಿಗೆ ಬಂದಾಗ ಕೈಯಲ್ಲಿ ಇನ್ನೂ ಜೊಂಡಿನ ಸಿಬಿರು ಅಂಟಿತ್ತು.

"ನಾಲ್ಕನೇ ಮಹಡಿ ಅಂತೆ ಅಣ್ಣ. ಅಲ್ಲಿ ಜೊಂಡು ಎಲ್ಲಿ ನೆನೆಹಾಕಲಿ?" ಎಂದಳು. ಅಳಲಿಲ್ಲ. "ಹದಿನೈದು ದಿನದಲ್ಲಿ ತಕರಾರಿದ್ರೆ ಹೇಳಬೇಕಂತೆ. ನಿನಗೆ ಇದೆಲ್ಲ ಗೊತ್ತಾಗುತ್ತೆ, ನೀನು ಮಾತಾಡು."

ಗುಮಾನಿ ತಂಗಿಯನ್ನು ಕರೆದುಕೊಂಡು ಹಲ್ಲು ಕಡಿಯುತ್ತಾ ಪುರಸಭೆಗೆ ನಡೆದ. ಮೆತ್ತನೆ ಮೇಡಂ ಅಂದಾಗಲೇ ಅಂದುಕೊಂಡಿದ್ದೆ, ಆ ಜಾಗ ಯಾರಿಗೋ ಬೇಕಾಗಿದೆ, ಯಾರದೋ ಕೈ ಇದರಲ್ಲಿದೆ ಎಂದು ದಾರಿಯುದ್ದಕ್ಕೂ ಬೈದ. ತಂಗಿ ಹೂಂಗುಟ್ಟುತ್ತಾ ಹಿಂದೆ ಬಂದಳು. ಇಂಜಿನಿಯರ್ ಹುಡುಗಿಯ ಕೋಣೆ ಎಂದರೆ ಫೈಲುಗಳ ನಡುವೆ ಒಂದು ಮೇಜು. ಗುಮಾನಿ ನೋಟೀಸನ್ನು ಆ ಮೇಜಿನ ಮೇಲೆ ಬಡಿದ.

"ಈ ಅಂಕೆ ಎಲ್ಲಿಂದ ಬಂತು? ನನ್ನ ತಂಗಿ ಮನೆ ಕೆಳಗಿದೆ ಅಂತ ಯಾವ ಪುಣ್ಯಾತ್ಮ ಹೇಳಿಕೊಟ್ಟ ನಿಮಗೆ?"

ಹುಡುಗಿ ಸಿಟ್ಟಾಗಲಿಲ್ಲ. ಒಂದು ಹಾಳೆ ತೆಗೆದು ಪೆನ್ಸಿಲಿನಲ್ಲಿ ಒಂದು ಮೆಟ್ಟಿಲು ಬರೆದಳು. "ನೀವೇ ಹೇಳಿಕೊಟ್ಟಿದ್ದು ಅನ್ನಬಹುದು. ಇದು ನಿಮ್ಮ ಕಲ್ಲು. ಯಾವುದಾದರೂ ಒಂದು ಕಡೆಯಿಂದ ಎಣಿಸೋಕೆ ಶುರು ಮಾಡಬೇಕಲ್ಲ, ಅದಕ್ಕೆ ಇದನ್ನ ನೂರು ಮೀಟರ್ ಅಂತ ಸುಮ್ಮನೆ ಇಟ್ಟುಕೊಂಡ್ವಿ. ನೂರು ಅಂದ್ರೆ ಬೇರೆ ಅರ್ಥ ಏನಿಲ್ಲ. ಉಳಿದದ್ದೆಲ್ಲ ಈ ಕಲ್ಲಿಗಿಂತ ಎಷ್ಟು ಕೆಳಗೆ ಅಂತ ಅಳೀತೀವಿ. ಜೌಗಿನ ನೀರು ತೊಂಬತ್ತೊಂಬತ್ತೂವರೆ ತನಕ ಬರುತ್ತೆ ಅಂತ ಮೊದಲನೇ ದಿನವೇ ಅಳೆದಿದ್ವಿ, ಅದೇ ಗೆರೆ. ನಿಮ್ಮ ಮನೆ ಅದಕ್ಕಿಂತ ಅರ್ಧ ಮೀಟರ್ ಮೇಲಿದೆ, ನಿಮಗೆ ಯಾವತ್ತೂ ಭಯ ಇರಲಿಲ್ಲ. ಇವರ ಮನೆ ಮಾತ್ರ ಮೂರು ಸೆಂಟಿಮೀಟರ್ ಕೆಳಗೆ ಬಂತು. ನನಗೂ ಬೇಜಾರಾಯ್ತು. ಮೂರೇ ಮೂರು."

ಗುಮಾನಿ ಹಾಳೆಯನ್ನು ನೋಡುತ್ತಾ ನಿಂತ. ಎಲ್ಲವೂ ಆ ಕಲ್ಲಿಗಿಂತ ಎಷ್ಟು ಕೆಳಗೆ. ಕಲ್ಲು ನಾಲ್ಕು ಬೆರಳು ಮೇಲಕ್ಕೆ ಹೋದರೆ, ಇದ್ದಲ್ಲೇ ಇರುವ ಮನೆಗಳೆಲ್ಲ ನಾಲ್ಕು ಬೆರಳು ಕೆಳಕ್ಕೆ. ತನ್ನ ಬೆರಳುಗಳನ್ನು ನೋಡಿಕೊಂಡ. ನಾಲ್ಕು ಸೇರಿದರೆ ಮೂರು ಸೆಂಟಿಮೀಟರಿಗಿಂತ ಹೆಚ್ಚೇ. ಎರಡರಷ್ಟಕ್ಕೂ ಹೆಚ್ಚು.

"ಮತ್ತೆ ಅಳೆದರೆ?" ಎಂದ. ದನಿ ಇಳಿದಿತ್ತು. ಈ ಸಂಜೆಯೇ ಕಲ್ಲನ್ನು ಗುಟ್ಟಾಗಿ ಇಳಿಸಿಬಿಟ್ಟರೆ ಹೇಗೆ ಎಂಬ ಲೆಕ್ಕ ಆಗಲೇ ಒಳಗೆ ಓಡುತ್ತಿತ್ತು.

"ತಕರಾರು ಬರೆದುಕೊಡಿ, ಅಳೀತೀವಿ. ಆದರೆ ಈಗ ಕಂಬಕ್ಕೆ ಬಡಿದಿರೋ ತಗಡಿಂದ ಅಳೆಯೋದು. ನಿಮ್ಮ ಕಲ್ಲಿನ ಕೆಲಸ ಮುಗೀತು."

ತಂಗಿ ಪಕ್ಕದ ಕುರ್ಚಿಯಲ್ಲಿ ಕೂತು ಅಣ್ಣನ ಬಾಯನ್ನೇ ನೋಡುತ್ತಿದ್ದಳು. ಇನ್ನೇನು ಗುಡುಗುತ್ತಾನೆ ಎಂದು ಕಾದಳು. ಅವನು ನೋಟೀಸನ್ನು ಮಡಿಚಿ ಜೇಬಿಗಿಟ್ಟುಕೊಂಡು "ನಡಿ" ಎಂದ.

ಅವನು ಎರಡು ದಿನ ಯಂತ್ರ ಮುಟ್ಟಲಿಲ್ಲ. ಹೇಳಿದರೆ ಏನಾಗುತ್ತದೆ ಎಂದು ಯೋಚಿಸಿದ. ಸರ್ಕಾರದ ಗುರುತು ಅಲ್ಲಾಡಿಸಿದವನನ್ನು ಏನು ಮಾಡುತ್ತಾರೋ. ಪೈಪು ಬಂದು ಬಿದ್ದಿದೆ, ಈ ಮಳೆಗಾಲಕ್ಕೆ ಬೀದಿಯೊಳಗೆ ನೀರಿಲ್ಲ ಎಂದು ಜನ ಹಿಗ್ಗುತ್ತಿದ್ದಾರೆ. ಈಗ ಅಳತೆಯೇ ತಪ್ಪು ಎಂದು ಬಾಯಿ ಬಿಟ್ಟರೆ ಕೆಲಸ ನಿಲ್ಲುತ್ತದೆ, ಬೀದಿಯವರು ಮುಖದ ಮೇಲೆ ಉಗಿಯುತ್ತಾರೆ. ಹೇಳದಿದ್ದರೆ ತಂಗಿಯ ಮನೆ ಹೋಗುತ್ತದೆ. ಹೇಳದೆ ಮನೆ ಉಳಿಸುವ ದಾರಿ ಯಾವುದಾದರೂ ಇದ್ದೀತೇ ಎಂದು ಎರಡು ದಿನವೂ ತಡಕಾಡಿದ. ಒಂದೂ ಸಿಗಲಿಲ್ಲ.

ಎರಡನೇ ದಿನ ಹೆಂಡತಿ ತಟ್ಟೆ ಮುಂದಿಟ್ಟು ಎದುರಿಗೆ ಕೂತಳು.

"ನಾನು ಎಡವಿದ ದಿನವೇ ನನಗೆ ಗೊತ್ತು. ಏನೋ ಮಳೆನೀರು ತಡೆಯೋಕೆ ಮಾಡಿದೀರಿ ಅಂದುಕೊಂಡು ಸುಮ್ಮನಿದ್ದೆ. ಆ ಕಲ್ಲಿಗೂ ಅವಳ ಮನೆಗೂ ಏನಾದರೂ ಸಂಬಂಧ ಇದೆಯಾ?"

ಅವನು ಎಲ್ಲ ಹೇಳಿದ. ಅವಳು ಈ ಸಲ ನಗಲಿಲ್ಲ.

"ನಾಳೆ ಬೆಳಗ್ಗೆ ಅಗೆಯೋಕೆ ಬರ್ತಾರೆ. ನೀವು ಹೇಳ್ತೀರೋ, ನಾನು ಹೇಳಲೋ?" ಎಂದಳು.

ಬೆಳಗ್ಗೆ ಅಗೆಯುವ ಯಂತ್ರ ಬೀದಿಯ ಬಾಯಿಗೆ ಬಂದು ನಿಂತಿತ್ತು. ಮೆತ್ತನೆ ಮೇಡಂ, ಅಳತೆಕೋಲಿನವನು, ಕ್ಷೌರದವನು, ನಾಲ್ಕಾರು ಮನೆಯವರು, ಹಿಂದೆ ಸೆರಗು ಬಿಗಿದು ನಿಂತ ತಂಗಿ. ಗುಮಾನಿ ಹೋಗಿ ಯಂತ್ರದ ಮುಂದೆ ನಿಂತು, ಯಾರ ಮುಖವನ್ನೂ ನೋಡದೆ, ಹೇಳಬೇಕಾದ್ದನ್ನು ಹೇಳಿದ. ಹಾರೆ, ಇಟ್ಟಿಗೆ, ನಾಲ್ಕು ಬೆರಳು.

ಇಂಜಿನಿಯರ್ ಹುಡುಗಿ ಅವನನ್ನೇ ದಿಟ್ಟಿಸಿದಳು. ಮೊದಲ ಸಲ ಅವಳ ಮಾತು ಮೆತ್ತಗಿರಲಿಲ್ಲ. "ತಂಗಿ ಮನೆ ಮೂರು ಸೆಂಟಿಮೀಟರ್ ಕಡಿಮೆ ಬಿತ್ತು ಅಂತ ನಾನೇ ಹೇಳಿದೆ. ಎರಡು ದಿನ ಬಿಟ್ಟು ಬಂದು ಕಲ್ಲನ್ನ ಏಳೆಂಟು ಸೆಂಟಿಮೀಟರ್ ಎತ್ತಿದ್ದೆ ಅಂತೀರಿ. ಬಹಳ ಅನುಕೂಲವಾಗಿ ಕೂಡಿ ಬರುತ್ತಲ್ಲ?"

"ನಿಜವಾಗ್ಲೂ ಎತ್ತಿದೆ."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

ಗುಮಾನಿ ಸುತ್ತ ನಿಂತವರ ಮುಖ ನೋಡಿದ. ಒಬ್ಬರ ಮುಖದಲ್ಲೂ ನಂಬಿಕೆ ಇರಲಿಲ್ಲ. "ಕತೆ ಕಟ್ತಾ ಇದಾನೆ, ನಮ್ಮ ಪೈಪಿಗೆ ಕಲ್ಲು ಹಾಕೋಕೆ" ಎಂದು ಹಿಂದಿನಿಂದ ಯಾರೋ ಅಂದರು. ಇಷ್ಟು ವರ್ಷ ಅವನು ಜನರನ್ನು ನೋಡುತ್ತಿದ್ದದ್ದು ಹೀಗೆಯೇ, ಎದುರು ನಿಂತು ನೋಡಿಸಿಕೊಂಡದ್ದು ಇದೇ ಮೊದಲು.

"ಪಕ್ಕದ ಮೆಟ್ಟಿಲು ಅಳೀರಿ" ಎಂದ ಕಷ್ಟಪಟ್ಟು. "ಮೊದಲನೇ ದಿನ ಇವನ ಅಂಗಡಿ ಮೆಟ್ಟಿಲು ಅಳೆದು ಬರಕೊಂಡಿದ್ರಿ. ಆಗ ನನ್ನ ಕಲ್ಲು ಮೊದಲಿನ ಹಾಗೇ ಇತ್ತು. ಈಗ ಮತ್ತೆ ಅಳೀರಿ."

ಹುಡುಗಿ ಜೀಪಿನಿಂದ ಹಳೇ ಪುಸ್ತಕ ತರಿಸಿದಳು. ಮೂರು ಕಾಲಿನ ಮೇಲೆ ದುರ್ಬೀನು ಕೂತಿತು. ಗುಮಾನಿಯ ಕಲ್ಲಿನ ಮೇಲೆ ಕೋಲು, ಆಮೇಲೆ ಕ್ಷೌರದವನ ಮೆಟ್ಟಿಲ ಮೇಲೆ ಕೋಲು. ನೋಡಿದಳು. ಕೋಲನ್ನು ತೆಗೆದು ಮತ್ತೆ ಇಡಲು ಹೇಳಿದಳು. ಮೂರು ಸಲ ನೋಡಿ, ಪುಸ್ತಕದ ಹಳೇ ಪುಟಕ್ಕೂ ಹೊಸ ಪುಟಕ್ಕೂ ಬೆರಳಿಟ್ಟಳು.

"ಇವರ ಮೆಟ್ಟಿಲು ಆಗ ಹದಿನಾಲ್ಕು ಸೆಂಟಿಮೀಟರ್ ಕೆಳಗಿತ್ತು. ಈಗ ಇಪ್ಪತ್ತೆರಡು."

"ನನ್ನ ಅಂಗಡಿ ಕುಸೀತಾ ಇದೆಯಾ ಮೇಡಂ?" ಎಂದ ಕ್ಷೌರದವನು ಗಾಬರಿಯಿಂದ.

"ಇಲ್ಲ. ಇವರ ಕಲ್ಲು ಎದ್ದಿದೆ. ಎಂಟು ಸೆಂಟಿಮೀಟರ್." ಅವಳು ಟೋಪಿ ತೆಗೆದು ಒಂದು ಪೈಪಿನ ಮೇಲೆ ಕೂತುಬಿಟ್ಟಳು. ಬೀದಿಯವರಿಗೆ ಅರ್ಥವಾಗಲಿ ಎಂದು ಅವಳು ಬಿಡಿಸಿ ಹೇಳಿದಳು. ಈ ಇಳಿಜಾರೇ ಇಲ್ಲದ ಜಾಗದಲ್ಲಿ ಪೈಪಿನ ನೀರು ಹರಿಯಲು ಅವಳಿಗೆ ಸಿಕ್ಕಿದ್ದದ್ದು ಒಟ್ಟು ಹದಿನೈದು ಸೆಂಟಿಮೀಟರ್ ಇಳಿತ. ಅದರಲ್ಲಿ ಎಂಟು ಸುಳ್ಳು. ಹೂತಿದ್ದರೆ ಮೊದಲ ದೊಡ್ಡ ಮಳೆಗೆ ಜೌಗಿನ ನೀರೇ ಪೈಪಿನೊಳಗಿಂದ ಬೀದಿಗೆ ಹತ್ತಿ ಬರುತ್ತಿತ್ತು. ಇನ್ನು ಬೇರೆ ನಕ್ಷೆ ಬೇಕು, ಪೈಪಿನ ಬದಲು ಅಗಲವಾದ ತೆರೆದ ಕಾಲುವೆ ಬೇಕು, ಅದೆಲ್ಲ ಮಳೆಗಾಲ ಮುಗಿದ ಮೇಲೆ.

ಜನ ಗುಮಾನಿಗೆ ಏನೇನು ಅಂದರೋ ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಅಗೆಯುವ ಯಂತ್ರ ಹಿಂದಕ್ಕೆ ಸರಿಯುತ್ತಾ ಹೋಯಿತು. ವಿಚಾರಣೆಗೆ ಪುರಸಭೆಗೆ ಬರಬೇಕಾಗುತ್ತದೆ ಎಂದು ಅಳತೆಕೋಲಿನವನು ಎಚ್ಚರಿಸಿದ. ಹುಡುಗಿ ಹೊರಡುವ ಮುನ್ನ ಪಟ್ಟಿ ತೆಗೆದು ಒಂದು ಸಾಲಿನ ಮೇಲೆ ಗೆರೆ ಎಳೆದು ಸಹಿ ಹಾಕಿದಳು. ತಂಗಿಯ ಮನೆ ಗೆರೆಗಿಂತ ಐದು ಸೆಂಟಿಮೀಟರ್ ಮೇಲಿತ್ತು. ಗುಮಾನಿ ತಲೆಯೆತ್ತಿ ತಂಗಿಯನ್ನು ಹುಡುಕಿದ. ಅವಳು ಆಗಲೇ ಹೊರಟುಹೋಗಿದ್ದಳು.

ಸಂಜೆ ಅವಳ ಮನೆಗೆ ಹೋದ. ಬೀದಿಯಲ್ಲಿ ಯಾರೂ ಅವನನ್ನು ಮಾತಾಡಿಸಲಿಲ್ಲ, ಅವನೂ ಎದುರು ನೋಡಲಿಲ್ಲ. ತಂಗಿ ಹಿತ್ತಿಲಿನಲ್ಲಿ ಗುಂಡಿಯ ಪಕ್ಕ ಕೂತು ನೆನೆದ ಜೊಂಡು ಸೀಳುತ್ತಿದ್ದಳು.

"ನಿನ್ನ ಹೆಸರು ಪಟ್ಟಿಯಿಂದ ತೆಗೆದ್ರು. ಕಾಗದ ನಾಳೆ ಬರುತ್ತೆ" ಎಂದ.

"ನೋಡಿದೆ."

ಚಾಕು ಜೊಂಡಿನೊಳಗೆ ಸರಸರ ಓಡುತ್ತಿತ್ತು. ಅವನು ನಿಂತೇ ಇದ್ದ. ಅವಳು ತಲೆಯೆತ್ತದೆ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳಬೇಕು ಎನ್ನುವಂತಿತ್ತು.

"ಗೆರೆಗಿಂತ ಕೆಳಗಿನ ಮನೆಗಳು ಹೋಗುತ್ತೆ ಅಂತ ಕಲ್ಲು ಎತ್ತೋಕೆ ಮೊದಲೇ ನಿನಗೆ ಗೊತ್ತಿತ್ತಾ?"

"ಕ್ಷೌರದವನು ಹೇಳಿದ್ದ."

"ಗೆರೆ ನಿನ್ನ ಮನೆ ಮೇಲೇ ಇದೆ ಅಂದುಕೊಂಡೆ."

"ಹೂಂ."

"ನಮ್ಮನೆ ನಿಮ್ಮನೆಗಿಂತ ಕೆಳಗಿದೆ ಅನ್ನೋದೂ ಗೊತ್ತಿತ್ತು."

ಗುಮಾನಿ ಜೌಗಿನ ಕಡೆ ನೋಡಿದ. ಅವಳು ಚಾಕು ಕೆಳಗಿಟ್ಟಳು.

"ಹಾಗಾದರೆ ಕಲ್ಲು ಎತ್ತುವಾಗ ನನ್ನ ಮನೆ ನೆನಪಾಗಲಿಲ್ವಾ ಅಣ್ಣ?"

ಹೇಳಲು ನೂರು ಮಾತಿದ್ದವು. ಗಾಬರಿಯಲ್ಲಿದ್ದೆ ಅನ್ನಬಹುದಿತ್ತು, ಮೊದಲು ನನ್ನದು ಉಳಿದರೆ ಆಮೇಲೆ ನಿನ್ನನ್ನು ಕರಕೊಳ್ಳೋಣ ಅಂದುಕೊಂಡೆ ಅನ್ನಬಹುದಿತ್ತು. ಆ ಮಧ್ಯಾಹ್ನವನ್ನು ಮತ್ತೆ ಮತ್ತೆ ಕೆದಕಿ ನೋಡಿದ. ಹಾರೆ ಇತ್ತು, ಇಟ್ಟಿಗೆ ಇತ್ತು, ತನ್ನ ಹತ್ತಿ ಮೂಟೆಗಳಿದ್ದವು. ತಂಗಿ ಎಲ್ಲೂ ಇರಲಿಲ್ಲ.

"ಇಲ್ಲ" ಎಂದ.

ಅವಳು ತಲೆಯಾಡಿಸಿದಳು. ಮತ್ತೆ ಚಾಕು ಎತ್ತಿಕೊಂಡು ಒಂದು ಜೊಂಡನ್ನು ಬುಡದಿಂದ ತುದಿಯ ತನಕ ಸೀಳಿ ಪಕ್ಕಕ್ಕಿಟ್ಟಳು.

"ಇಷ್ಟು ವರ್ಷ ನೀನು ಕಂಡಕಂಡವರ ಮೇಲೆಲ್ಲ ಅನುಮಾನ ಪಡ್ತಿದ್ದೆ. ಊರೆಲ್ಲ ನಗ್ತಿತ್ತು. ನನಗೆ ಮಾತ್ರ ಧೈರ್ಯ ಅನ್ನಿಸ್ತಿತ್ತು. ನಮಗೋಸ್ಕರ ಪಡ್ತಾನೆ ಅಂದುಕೊಂಡಿದ್ದೆ" ಎಂದಳು.

ಅವನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ. ಅವಳು ಕೂತುಕೋ ಅನ್ನಲಿಲ್ಲ.